ಕೆಂಚನ ಕೊರಳಿನ ಎರಡು ಗಾಯ

ಶಿವಣ್ಣ ಮಾವ, ನಮ್ಮ ನಾಯಿ ಕೆಂಚನ ಕೊರಳಿನ ಆ ಎರಡು ಗಾಯ ನಿಮ್ಮ ಬೀಡಿಯಿಂದ ಆದದ್ದಲ್ಲ. ನನ್ನಿಂದ ಆದದ್ದು. ಇದು ನನಗೆ ಆಮೇಲೆ ತಿಳಿಯಿತು ಎಂದು ಬರೆಯಬಹುದಿತ್ತು — ಬರೆದಿದ್ದರೆ ನೀವು ನಂಬುತ್ತಲೂ ಇದ್ದಿರಿ. ಆದರೆ ಊರ ಕಟ್ಟೆಗೆ ಬರುವ ಮೊದಲೇ, ಆ ದಿನ ಮಧ್ಯಾಹ್ನವೇ, ನನಗೆ ಗೊತ್ತಿತ್ತು. ಗೊತ್ತಿದ್ದೂ ಬಂದೆ. ಗೊತ್ತಿದ್ದೂ ಹೇಳಿದೆ.

ನಾಲ್ಕು ವರ್ಷವಾಯಿತು. ಇದನ್ನು ಬೇರೆಯವರೂ ಓದುತ್ತಾರೆ, ಆದ್ದರಿಂದ ನಿಮಗೆ ಚೆನ್ನಾಗಿ ಗೊತ್ತಿರುವುದನ್ನೂ ಬರೆಯಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ. ಬೇರೆ ಯಾರೇ ಓದುವ ಮೊದಲು ಇದು ನನ್ನ ಬಾಯಿಂದಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ.

ನಮ್ಮೂರು ಹೊಂಗನೂರಿನ ಪಕ್ಕದ್ದು. ನಿಮ್ಮ ಹಿಪ್ಪುನೇರಳೆ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದು ಬದು. ಬದುವಿನ ಮೇಲೆ ಒಂದು ರೇಷ್ಮೆ ಹುಳದ ಮನೆ, ಅದಕ್ಕೆ ಎರಡು ಬೀಗದ ಕೈ — ಒಂದು ನಿಮ್ಮದು, ಒಂದು ಅಪ್ಪನದು. ನೀವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದು ಬಿಟ್ಟವರು. ನೀವು ಅಪ್ಪನನ್ನು ‘ಬೋರ’ ಎಂದು ಕರೆದರೆ ಅವ್ವನಿಗೆ ಸಿಟ್ಟು, ಅಪ್ಪನಿಗೆ ನಗು. ಒಳಗೆ ಎಡಗಡೆ ತಟ್ಟೆಗಳು ನಿಮ್ಮ ಹುಳ, ಬಲಗಡೆ ನಮ್ಮ ಹುಳ. ಅಪ್ಪ ಊರಲ್ಲಿಲ್ಲದ ದಿನ ನಮ್ಮ ಹುಳಕ್ಕೂ ನೀವೇ ಸೊಪ್ಪು ಹಾಕುತ್ತಿದ್ದಿರಿ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಇಡೀ ಊರಿಗೆ ನಿಮ್ಮ ಕೈ ಬೇಕಿತ್ತು. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿಯದೆ, ಮುಟ್ಟಿದ ಕೂಡಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಡುವವರು ನೀವು. ‘ಶಿವಣ್ಣ ಬಿಟ್ಟ ಹುಳ ಗೂಡು ಕೆಡಿಸಲ್ಲ’ ಎನ್ನುತ್ತಿದ್ದರು. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ನಿಮಗೆ ಊಟ.

ಕೆಂಚನನ್ನು ತಂದವರೂ ನೀವೇ. ಕೂಟಗಲ್‌ನಲ್ಲಿ ಯಾರದೋ ಮನೆಯ ಹಿತ್ತಿಲಿನಿಂದ, ಟವೆಲ್ಲಿನಲ್ಲಿ ಸುತ್ತಿ, ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಬಂದಿರಿ. ಮರಿ ಬೆಳೆದ ಮೇಲೆ ಕಮ್ಮಾರನ ಹತ್ತಿರ ಹೇಳಿ ಮುಳ್ಳುಪಟ್ಟಿಯನ್ನೂ ಮಾಡಿಸಿ ತಂದಿರಿ — ದಪ್ಪ ಚರ್ಮದ ಪಟ್ಟಿ, ಹೊರಗಡೆಗೆ ಮೊನೆ ಮಾಡಿದ ಕಬ್ಬಿಣದ ಮೊಳೆಗಳು. ಗುಡ್ಡದ ಕಡೆಯ ಚಿರತೆ ನಾಯಿಯ ಕೊರಳಿಗೇ ಮೊದಲು ಬಾಯಿ ಹಾಕುತ್ತದೆ. ಪಟ್ಟಿಯ ಒಳಗಡೆಗೆ ನಿಮ್ಮ ಹಳೆಯ ಕಂಬಳಿಯ ತುಂಡು ಹೊಲಿದಿದ್ದಿರಿ. ಕಟ್ಟುವಾಗ ನನ್ನ ಎರಡು ಬೆರಳು ಹಿಡಿದು ಪಟ್ಟಿಯೊಳಗೆ ತೂರಿಸಿದಿರಿ.

‘ಎರಡ್ ಬೆಟ್ಟು ಹೋಗ್ಬೇಕು ಕಣವ್ವ. ಹೋಗ್ನಿಲ್ಲಾಂದ್ರೆ ಬಿಗಿ ಆಯ್ತು ಅಂತ. ಮೂರ್ ಹೋಯ್ತಾ — ಕಳಚ್ಕಂಡ್ ಓಡೋಯ್ತದೆ, ನಿಮ್ಮಪ್ಪನ್ ಪಂಚೆ ಥರ.’

ಅಪ್ಪ ಕಲ್ಲು ಎತ್ತಿಕೊಂಡು ನಿಮ್ಮನ್ನು ಅಟ್ಟಿಸಿಕೊಂಡು ಹೋದರು. ಕೆಂಚ ಇಬ್ಬರ ಹಿಂದೆಯೂ ಓಡಿತು.

ನಾನಾಗ ಚನ್ನಪಟ್ಟಣದಲ್ಲಿ ಡಿಗ್ರಿ ಓದುತ್ತಿದ್ದೆ. ನನಗೆ ಬರೆದಿಡುವ ಚಟ, ನಿಮಗೆ ಗೊತ್ತು. ಹುಳದ ಮನೆಯ ಉಷ್ಣ ಎಷ್ಟು, ಯಾವ ದಿನ ಜ್ವರಕ್ಕೆ ಕೂತವು, ಯಾವ ದಿನ ಎದ್ದವು, ಎಷ್ಟು ಹೊರೆ ಸೊಪ್ಪು ಹೋಯಿತು — ಎಲ್ಲ. ಹುಳ ಪೊರೆ ಕಳಚಲು ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆಂದು ನಾನು ಪೇಟೆಯ ಗೆಳತಿಯರಿಗೆ ಹೇಳಿದರೆ ಅವರು ನಗುತ್ತಿದ್ದರು. ನೀವು ಮಾತ್ರ ನನ್ನನ್ನು ‘ಶಾನುಭೋಗಮ್ಮ’ ಎಂದು ಕರೆದು, ‘ಏನ್ ಬರ್ದೆ ಇವತ್ತು, ನನ್ ಹುಳ ವಾಸಿಯೋ ನಿಮ್ಮಪ್ಪಂದೋ?’ ಎಂದು ಕೇಳುತ್ತಿದ್ದಿರಿ. ಬರೆದದ್ದು ಸುಳ್ಳಾಗುವುದಿಲ್ಲ ಎಂದು ನಾನು ನಂಬಿದ್ದೆ. ಬರೆಯದೆ ಬಿಟ್ಟದ್ದರ ಬಗ್ಗೆ — ಯೋಚಿಸಿರಲಿಲ್ಲ.

ಕೆಂಚನ ತೊಂದರೆ ಒಂದೇ. ಸಂಜೆ ನೀವು ಮೊಪೆಡ್ಡನ್ನು ರಸ್ತೆಯ ಆಚೆ ಬದಿಯ ಹುಣಸೆಮರದ ಕೆಳಗೆ ನಿಲ್ಲಿಸುತ್ತಿದ್ದಿರಿ. ಆ ಸದ್ದು ಕೇಳಿದರೆ ಸಾಕು, ಕೆಂಚ ಅಂಗಳದಿಂದ ರಸ್ತೆಗೆ ನುಗ್ಗುತ್ತಿತ್ತು. ನಿಮ್ಮ ಜೇಬಿನಲ್ಲಿ ಬನ್ನಿನ ಚೂರು ಇರುತ್ತಿತ್ತಲ್ಲ. ಎರಡು ಸಲ ಬಸ್ಸಿನ ಚಕ್ರದ ಅಂಚಿನಲ್ಲಿ ಉಳಿಯಿತು. ಎರಡನೆಯ ಸಲ ಡ್ರೈವರ್ ಬಸ್ಸು ನಿಲ್ಲಿಸಿ ಅವ್ವನಿಗೆ ಬೈದ. ನಾಯಿಯನ್ನು ಹದಕ್ಕೆ ತರಬೇಕು ಎಂದು ನಾನು ನಿಶ್ಚಯ ಮಾಡಿದೆ. ನಾನು ಏನಾದರೂ ನಿಶ್ಚಯ ಮಾಡಿದರೆ ಅದಕ್ಕೊಂದು ಕ್ರಮ ಇರುತ್ತದೆ.

ಮೊದಲು ಮುಳ್ಳುಪಟ್ಟಿ ಬಿಚ್ಚಿಟ್ಟೆ. ಹಳ್ಳಿಯದು, ಒರಟು ಅನಿಸಿತು. ಪೇಟೆಯ ಅಂಗಡಿಯಿಂದ ಎಳೆದರೆ ಬಿಗಿಯುವ ಸ್ಟೀಲಿನ ಚೈನು ತಂದೆ. ಅದನ್ನು ಕೊರಳಿಗೆ ಹಾಕುವುದಕ್ಕೊಂದು ದಿಕ್ಕಿದೆ. ತಿರುಗಿಸಿ ಹಾಕಿದರೆ ಎಳೆದ ಮೇಲೆ ಸಡಿಲವಾಗುವುದಿಲ್ಲ. ನಾನು ತಿರುಗಿಸಿ ಹಾಕಿದ್ದೆ. ಕೆಂಚ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು. ಅದನ್ನು ಬಿಟ್ಟು ಎದೆಗೂ ಹೊಟ್ಟೆಗೂ ಬರುವ ಹಾರ್ನೆಸ್ ತಂದೆ. ಅಳತೆ ಸರಿಯಿತ್ತು. ಆದರೆ ಹಗ್ಗ ಸಿಕ್ಕಿಸುವ ಬಳೆ ಬೆನ್ನ ಮೇಲಿತ್ತು. ಬೆನ್ನ ಮೇಲೆ ಹಗ್ಗ ಕಟ್ಟಿದರೆ ನಾಯಿ ನೊಗ ಹೊತ್ತ ಎತ್ತಿನ ಹಾಗೆ ಇನ್ನೂ ಜೋರಾಗಿ ಎಳೆಯುತ್ತದೆ. ಎದೆಯ ಮೇಲೆ ಬಳೆ ಇರುವುದನ್ನು ತಂದಿದ್ದರೆ ಎಳೆದಾಗಲೆಲ್ಲ ಅದು ತಾನಾಗಿ ನನ್ನ ಕಡೆ ತಿರುಗುತ್ತಿತ್ತು. ಇದು ಈಗ ಗೊತ್ತು. ಆಗ — ನನಗೆ ತಾಳ್ಮೆ ಮುಗಿದಿತ್ತು. ಪರೀಕ್ಷೆಯೂ ಹತ್ತಿರವಿತ್ತು.

ಮೂರನೆಯ ಸಲ ಹೋದಾಗ ಅಂಗಡಿಯ ಹುಡುಗ ಒಂದು ಚಿಕ್ಕ ಕರಿ ಡಬ್ಬಿ ಇದ್ದ ಬೆಲ್ಟನ್ನು ಮುಂದಿಟ್ಟ. ಡಬ್ಬಿಯ ಒಳಮೈಗೆ ಎರಡು ಲೋಹದ ಮೊನೆ. ಜೊತೆಗೊಂದು ರಿಮೋಟು.

‘ಅಕ್ಕಾ, ಕರೆಂಟ್ ಅಂತ ಹೆದ್ರ್‌ಕೋಬೇಡಿ. ಒಸಿ ಜುಮ್ ಅಂತೈತೆ ಅಷ್ಟೇ. ಆದ್ರೆ ರಾತ್ರಿ ಬಿಚ್ಚಿಡಿ ಆಂ, ಕಂಪ್ಲೀಟ್ ಹಾಕೇ ಇಟ್ರೆ ಚರ್ಮ ಹೋಗ್ತದೆ.’

ಅವನು ಹೇಳಿದ. ನಾನು ಕೇಳಿಸಿಕೊಂಡೆ. ಇದನ್ನು ಮುಚ್ಚಿಡುವುದಿಲ್ಲ.

ಮನೆಗೆ ಬಂದು ಅಂಗೈಗೆ ಒತ್ತಿ ನೋಡಿದೆ, ಅತಿ ಕಡಿಮೆ ಅಂಕೆಯಲ್ಲಿ. ಇರುವೆ ಹರಿದ ಹಾಗಾಯಿತು. ಕೆಂಚನಿಗೆ ಆ ಅಂಕೆ ಸಾಲಲಿಲ್ಲ. ಹೆಚ್ಚಿಸಿದೆ. ಮತ್ತೆ ಹೆಚ್ಚಿಸಿದೆ. ಹೆಚ್ಚಿಸಿದ ಮೇಲೆ ನನ್ನ ಅಂಗೈಗೆ ಮತ್ತೆ ಇಟ್ಟು ನೋಡಲಿಲ್ಲ.

ಅಪ್ಪನಿಗೆ ನಿಜ ಹೇಳಿದರೆ ಡಬ್ಬಿಯನ್ನು ಬಾವಿಗೆ ಎಸೆಯುತ್ತಾರೆಂದು ಗೊತ್ತಿತ್ತು. ‘ಇದು ನಾಯಿ ಎಲ್ಲೋದ್ರೂ ಫೋನಲ್ಲಿ ತೋರ್ಸೋದಪ್ಪ’ ಎಂದೆ. ಅಪ್ಪ ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡು ಬಂದರು. ನೀವು ಕೆಂಚನ ಗಲ್ಲ ಹಿಡಿದು, ‘ಏನಯ್ಯಾ, ನಿಂಗೂ ಫೋನ್ ಬಂತಾ? ನಂಗೊಂದ್ ಮಿಸ್ ಕಾಲ್ ಕೊಡು’ ಎಂದಿರಿ. ನಾನೂ ನಕ್ಕೆ.

ಮಾರನೆಯ ದಿನದಿಂದ, ನಿಮ್ಮ ಮೊಪೆಡ್ಡು ನಿಂತು ಕೆಂಚ ರಸ್ತೆಗೆ ನುಗ್ಗಿದಾಗಲೆಲ್ಲ ನಾನು ಜಗಲಿಯ ಕಂಬದ ಹಿಂದೆ ನಿಂತು, ಜೇಬಿನೊಳಗೇ ರಿಮೋಟು ಒತ್ತಿದೆ. ಅದು ನಡುದಾರಿಯಲ್ಲೇ ಕಿರುಚಿ ಕುಪ್ಪಳಿಸುತ್ತಿತ್ತು. ನನ್ನ ಲೆಕ್ಕದಲ್ಲಿ ಅದು ಕಲಿಯಬೇಕಾದದ್ದು ‘ರಸ್ತೆ ದಾಟಬಾರದು’ ಎಂದು. ಒಂದು ವಾರದಲ್ಲಿ ಅದು ದಾಟುವುದನ್ನು ಬಿಟ್ಟಿತು. ನಾನು ಗೆದ್ದೆ ಎಂದುಕೊಂಡೆ. ಡಬ್ಬಿಯನ್ನು ಕಂಡರೇ ಅದು ಕಟ್ಟಿಗೆಯ ಒಟ್ಟಿಲ ಹಿಂದೆ ಅಡಗುತ್ತಿದ್ದುದರಿಂದ ದಿನಾ ಬಿಚ್ಚಿ ದಿನಾ ಕಟ್ಟುವುದು ರಗಳೆಯಾಯಿತು. ಬಿಚ್ಚುವುದನ್ನೇ ಬಿಟ್ಟೆ. ಮೊನೆಗಳು ಚರ್ಮಕ್ಕೆ ತಾಗಲೇಬೇಕು, ಆದ್ದರಿಂದ ಬಿಗಿಯಾಗಿ ಕಟ್ಟಿದ್ದೆ. ಎರಡು ಬೆರಳು ಇರಲಿ, ಒಂದು ಬೆರಳೂ ಹೋಗುತ್ತಿರಲಿಲ್ಲ.

ನೀವು ತಂದ ಪಟ್ಟಿಯ ಮುಳ್ಳು ಹೊರಗಡೆಗಿತ್ತು, ಮಾವ. ನಾನು ತಂದದ್ದರ ಮುಳ್ಳು ಒಳಗಡೆಗಿತ್ತು.

ಅದೇ ಹೊತ್ತಿಗೆ ನಮ್ಮ ಸೊಪ್ಪು ಕಡಿಮೆಯಾಗತೊಡಗಿತು. ನಾಲ್ಕನೇ ಜ್ವರ ಎದ್ದ ಹುಳ ಹೇಗೆ ಮೇಯುತ್ತದೆಂದು ಹುಳ ಕಟ್ಟಿದವರಿಗೆ ಗೊತ್ತು. ಆ ವಾರ ಒಂದು ಹೊರೆ ಸೊಪ್ಪು ಹೆಚ್ಚುಕಡಿಮೆಯಾದರೂ ಬೆಳೆ ಹೋಯಿತು. ಬದುವಿನ ಪಕ್ಕದ ಸಾಲುಗಳಲ್ಲಿ ಕಡ್ಡಿ ಬೋಳಾಗಿ ನಿಂತಿದ್ದವು. ನಾವು ಕೊಯ್ದಿರಲಿಲ್ಲ. ಬದುವಿನ ಪಕ್ಕ — ಎಂದರೆ ನಿಮ್ಮ ಕಡೆ.

ಆ ಬೆಳೆಗೆ ನೀವು ನಿಮ್ಮ ತೋಟಕ್ಕೆ ತಾಳುವುದಕ್ಕಿಂತ ಹೆಚ್ಚು ಹುಳ ಕಟ್ಟಿದ್ದಿರಿ. ‘ದೊಡ್ಡಮಳೂರ್ ಕಡೆಯಿಂದ ಸೊಪ್ಪು ತತ್ತಾ ಇವ್ನಿ’ ಎಂದಿರಿ. ನಾನು ಕೇಳದೆಯೇ ಹೇಳಿದಿರಲ್ಲ, ಅದೇ ನನಗೆ ಅನುಮಾನವಾಯಿತು. ಮೊದಲು ಹುಳದ ಮನೆಗೆ ಬರುವಾಗ ಸಿಳ್ಳೆ ಹಾಕುತ್ತಿದ್ದವರು ಈಗ ಹಾಕುತ್ತಿಲ್ಲ — ಯಾಕೆ? ಮೋಟರು ಹಾಕಲು ಹೋಗುವವರು ಬದುವಿನ ಮೇಲೆ ಏಕೆ ಬರುತ್ತಾರೆ, ಕಾಲುವೆಯ ಕಡೆಯಿಂದ ಹೋಗಬಹುದಲ್ಲ? ‘ನಿಮ್ ಸೊಪ್ಪು ಇನ್ನೆಷ್ಟ್ ದಿನಕ್ ಬತ್ತದೆ?’ ಎಂದು ಅಪ್ಪನನ್ನು ಕೇಳಿದಿರಿ — ಅದನ್ನು ತಿಳಿದುಕೊಂಡು ನಿಮಗೇನಾಗಬೇಕು? ಅನುಮಾನ ಒಮ್ಮೆ ಕಣ್ಣಿಗೆ ಹತ್ತಿದರೆ ಎಲ್ಲವೂ ಅದೇ ಬಣ್ಣ. ನೀವು ನಕ್ಕರೆ ಮುಚ್ಚಿಡಲು ನಕ್ಕಿರಿ. ಸುಮ್ಮನಿದ್ದರೆ ಅಳುಕಿ ಸುಮ್ಮನಿದ್ದಿರಿ.

ಆಗಲೇ ಕೆಂಚ ನಿಮ್ಮನ್ನು ಕಂಡು ಗುರ್ರ್ ಎನ್ನತೊಡಗಿತು. ನಾನು ಬೆಚ್ಚಿದೆ. ಮರಿಯಾಗಿದ್ದಾಗ ತಂದವರನ್ನು, ಬನ್ನು ಹಾಕುವವರನ್ನು ಕಂಡು ನಾಯಿ ಹಲ್ಲು ತೋರಿಸುತ್ತದೆ ಎಂದರೆ, ನಮಗೆ ಕಾಣದ್ದನ್ನು ಅದು ಏನೋ ಕಂಡಿದೆ. ದಿನ, ಹೊತ್ತು ಹಾಕಿ ಬರೆಯತೊಡಗಿದೆ: ಸೋಮವಾರ ಸಂಜೆ ಬೊಗಳಿತು. ಬುಧವಾರ ಬೊಗಳಿತು, ಹಿಂದಕ್ಕೆ ಸರಿಯಿತು. ಗುರುವಾರ ಉಚ್ಚೆ ಹೊಯ್ದುಕೊಂಡಿತು. ಊರಿನಲ್ಲಿ ಬೇರೆ ಯಾರಿಗೂ ಹಾಗೆ ಮಾಡುತ್ತಿರಲಿಲ್ಲ. ಅದು ಬೊಗಳಿದ್ದನ್ನೆಲ್ಲ ಬರೆದೆ, ಮಾವ. ನಾನು ಒತ್ತಿದ್ದನ್ನು ಒಂದು ಸಲವೂ ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಂಚ ಕೊರಳು ಕೆರೆದುಕೊಳ್ಳುತ್ತಿದ್ದುದನ್ನು ನೋಡಿ ಬೆಲ್ಟು ಬಿಚ್ಚಿದೆ. ಅಷ್ಟು ದಿನದ ಮೇಲೆ ಬಿಚ್ಚಿದ್ದು. ರೋಮದೊಳಗೆ ಎರಡು ಗಾಯ — ದುಂಡಗೆ, ಕೀವು ತುಂಬಿ, ಒಂದರ ಪಕ್ಕ ಒಂದು. ಬೀಡಿಯ ತುದಿಯಷ್ಟು ಅಗಲ. ನನ್ನ ತಲೆಗೆ ಮೊದಲು ಬಂದದ್ದು ಅದೇ: ಬೀಡಿ. ತಲೆಯಲ್ಲಿ ಮೊದಲೇ ನೀವು ಕೂತಿದ್ದಿರಲ್ಲ.

‘ಅಪ್ಪ, ಶಿವಣ್ಣ ಮಾವ ಬೀಡಿಲಿ ಸುಟ್ಟವ್ರೆ. ರಾತ್ರಿ ಸೊಪ್ಪಿಗೆ ಬಂದಾಗ ಇದು ಬೊಗಳಿರ್ಬೇಕು.’

ಅಪ್ಪ ತುಂಬ ಹೊತ್ತು ಗಾಯ ನೋಡಿದರು. ‘ಶಿವ ಅಂಥೋನಲ್ಲ ಕಣವ್ವ’ ಎಂದರು. ನಾನು ಬರೆದದ್ದನ್ನು ಓದಿ ಹೇಳಿದೆ. ದಿನ, ಹೊತ್ತು, ಎಲ್ಲ. ಅಪ್ಪನ ಮುಖ ಬದಲಾದದ್ದು ನನಗೆ ನೆನಪಿದೆ — ಒಳಗೆ ದೀಪ ಆರಿಸಿದ ಹಾಗೆ. ಹೆಗಲಿಗೆ ಟವೆಲ್ಲು ಹಾಕಿಕೊಂಡು ಊರ ಯಜಮಾನ ಪುಟ್ಟಣ್ಣನ ಮನೆಗೆ ಹೊರಟುಹೋದರು.

ಮಧ್ಯಾಹ್ನ ಗಾಯಕ್ಕೆ ಅರಿಸಿನ ಹಚ್ಚಿ, ಬೆಲ್ಟನ್ನು ಎತ್ತಿಡುವ ಮೊದಲು ಒರೆಸಲು ತೆಗೆದುಕೊಂಡೆ. ಮೊನೆಗಳಿಗೆ ಕೀವು ಒಣಗಿ ಅಂಟಿತ್ತು. ನಾಲ್ಕೈದು ಕೆಂಪು ರೋಮವೂ. ನಾನು ಬೆಲ್ಟನ್ನು ಕೆಂಚನ ಕೊರಳ ಹತ್ತಿರ ಹಿಡಿದೆ. ಎರಡು ಮೊನೆ, ಎರಡು ಗಾಯ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೆಂಚ ನಡುಗುತ್ತಾ ನೆಲಕ್ಕೆ ಮುಖ ಒತ್ತಿಕೊಂಡು ಕೂತಿತ್ತು. ಓಡಲೂ ಇಲ್ಲ.

ಅಪ್ಪನನ್ನು ಕೂಗಿ ಕರೆಯಲು ಆಗ ಸಮಯವಿತ್ತು. ಪುಟ್ಟಣ್ಣನ ಮನೆ ಎರಡು ಬೀದಿ ಆಚೆ. ನಾನು ಹೋಗಲಿಲ್ಲ. ಮನಸ್ಸಿನಲ್ಲಿ ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: ಗಾಯ ಇವರು ಮಾಡಿರಲಿಕ್ಕಿಲ್ಲ, ಆದರೆ ಸೊಪ್ಪು ಇವರೇ ಕದ್ದಿರಬೇಕು. ಕದ್ದವರಿಗೆ ಗಾಯದ ಮಾತು ಒಂದು ಹೆಚ್ಚಾದರೆ ಏನು? ಆ ಸುಳ್ಳು ಈ ನಿಜವನ್ನು ಹೊರಗೆ ತರುವುದಾದರೆ — ಹೀಗೆ. ಇದಲ್ಲದೆ ಇನ್ನೊಂದೂ ಇತ್ತು, ಇನ್ನೂ ಚಿಕ್ಕದು, ಇನ್ನೂ ಕೊಳಕು. ‘ಫೋನಲ್ಲಿ ತೋರ್ಸೋದು’ ಎಂದು ನಾನು ಹೇಳಿದ ಸುಳ್ಳು ಅಪ್ಪನಿಗೆ ತಿಳಿಯುತ್ತದಲ್ಲ ಎಂಬ ಭಯ. ಬೆಲ್ಟನ್ನು ಅಟ್ಟದ ಮೇಲೆ ಮುರಿದ ಚಂದ್ರಂಕಿಯ ಕೆಳಗೆ ತುರುಕಿದೆ. ಹಾರ್ನೆಸ್ ಕೊಡವಿ ಕೆಂಚನಿಗೆ ತೊಡಿಸಿದೆ.

ಯಾರ ಮನೆಯಲ್ಲಾದರೂ ಏನಾದರೂ ಕಳೆದರೆ ಆ ಮನೆಯ ನಾಯಿಯನ್ನು ಕಟ್ಟೆಯ ಮುಂದೆ ನಡೆಸಿಕೊಂಡು ಹೋಗುವುದು ನಮ್ಮೂರಿನಲ್ಲಿ ಹಿಂದಿನಿಂದ ಬಂದದ್ದು. ಅದು ಯಾರನ್ನು ಕಂಡು ಬೊಗಳುತ್ತದೋ ಅವರೇ ಕಳ್ಳರು — ಅರ್ಧ ತಮಾಷೆ, ಅರ್ಧ ನಂಬಿಕೆ. ಆ ಸಂಜೆ ಹತ್ತು ಹನ್ನೆರಡು ಜನ ಕಟ್ಟೆಯ ಮೇಲೆ ಕೂತಿದ್ದರು, ಅವರ ನಡುವೆ ನೀವು. ಯಾಕೆ ಕರೆಸಿದ್ದಾರೆಂದು ನಿಮಗೆ ಅಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

‘ಏನ್ಲಾ ಬೋರ, ನಾಯಿ ಸಾಕ್ಷಿಗೆ ನನ್ ಕೂರ್ಸಿದ್ದೀಯಾ? ಬಾಯ್ಬುಟ್ಟು ಕೇಳ್ಬಾರ್ದಾಗಿತ್ತೇನ್ಲಾ?’ ಎಂದಿರಿ. ಅಪ್ಪ ನೆಲ ನೋಡಿದರು.

‘ಕೋರ್ಟ್‌ಗಿಂತ ನಾಯಿ ವಾಸಿ ಕಣ್ ಕೂತ್ಕೊಳ್ಲಾ ಶಿವ. ವಾಯ್ದೆ ಕೊಡಕಿಲ್ಲ’ ಎಂದರು ಪುಟ್ಟಣ್ಣ. ಎಲ್ಲರೂ ನಕ್ಕರು. ನೀವೂ ನಕ್ಕಿರಿ — ಕೆಂಚ ನಿಮ್ಮ ಮಡಿಲಿಗೇ ಹಾರುತ್ತದೆ ಎಂಬ ಧೈರ್ಯ ನಿಮಗೆ.

ನಾನು ಹಗ್ಗ ಹಿಡಿದು ನಡೆದೆ. ಒಬ್ಬೊಬ್ಬರನ್ನೇ ಮೂಸಿ ಕೆಂಚ ಮುಂದೆ ಹೋಯಿತು. ನಿಮ್ಮ ಹತ್ತಿರ ಬಂದಾಗ ನೀವು ಕೈ ಚಾಚಿ, ‘ಬಾರಯ್ಯ ಮರಿ’ ಎಂದಿರಿ. ಅದರ ಬಾಲ ಅಲ್ಲಾಡಿತು, ಮಾವ. ನಿಜ. ಎರಡು ಸಲ ಅಲ್ಲಾಡಿತು. ಆಮೇಲೆ ಅದು ಹಿಂದಕ್ಕೆ ತಿರುಗಿ ನನ್ನ ಕೈ ನೋಡಿತು. ಹಗ್ಗ ಹಿಡಿದ ಕೈಯನ್ನಲ್ಲ — ಚೂಡಿದಾರದ ಜೇಬಿನಲ್ಲಿದ್ದ ಕೈಯನ್ನು. ಜೇಬಿನಲ್ಲಿ ಆಗ ರಿಮೋಟು ಇರಲಿಲ್ಲ, ಏನೂ ಇರಲಿಲ್ಲ. ಅದಕ್ಕೆ ಅದು ಹೇಗೆ ಗೊತ್ತಾಗಬೇಕು? ಕಿವಿ ಮಲಗಿತು, ಬೆನ್ನು ಬಾಗಿತು, ಮರುಕ್ಷಣ ನಿಮ್ಮ ಮೇಲೆ ಹಲ್ಲು ಕಿರಿದು ಬೊಗಳಿತು. ನಿಮ್ಮ ಬೆರಳಿಗೆ ಹಲ್ಲು ತಾಗಿತು.

ನಾಯಿ ಶಿವಣ್ಣನನ್ನು ನೋಡಿ ಬೊಗಳಿತು ಎಂದು ಊರೆಲ್ಲ ಹೇಳಿತು. ಅದು ಮೊದಲು ನೋಡಿದ್ದು ನನ್ನ ಕೈಯನ್ನು. ಅದನ್ನು ಕಂಡವಳು ನಾನೊಬ್ಬಳೇ. ಗಾಯ ಮಾತ್ರವಲ್ಲ, ಬೊಗಳುವುದೂ ನಾನು ಕಲಿಸಿದ್ದೇ ಎಂದು ಆ ಕ್ಷಣ ಅರ್ಥವಾಯಿತು. ನಿಮ್ಮ ಕಡೆ ಓಡಿದಾಗಲೆಲ್ಲ ಕೊರಳಿಗೆ ಬೆಂಕಿ ಬಿದ್ದರೆ, ಬೆಂಕಿ ನಿಮ್ಮಿಂದ ಬರುತ್ತದೆ ಎಂದಲ್ಲದೆ ಅದು ಬೇರೆ ಏನನ್ನು ತಿಳಿಯಬೇಕಿತ್ತು? ರಸ್ತೆಯ ಲೆಕ್ಕ ನನ್ನದು. ಅದರ ಲೆಕ್ಕದಲ್ಲಿ ರಸ್ತೆ ಇರಲಿಲ್ಲ, ನೀವಿದ್ದಿರಿ.

ಯಾರೂ ನಗುತ್ತಿರಲಿಲ್ಲ. ನೀವು ಬೆರಳಿನ ರಕ್ತ ಪಂಚೆಗೆ ಒರೆಸಿಕೊಂಡಿರಿ. ಅಪ್ಪನನ್ನು ನೋಡಲಿಲ್ಲ, ಪುಟ್ಟಣ್ಣನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, ಶಾಲೆಗೆ ಹೋಗುವ ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದಿರಿ:

‘ನೀನ್ ಹೇಳವ್ವ. ನೀನು ಓದ್ದೋಳು. ನಾನ್ ಸುಟ್ಟಿದ್ದ ನೀನ್ ನೋಡ್ದ್ಯಾ?’

ಇಲ್ಲ ಎಂಬ ಒಂದು ಮಾತು. ಎರಡಕ್ಷರ. ನಾನು ಹೇಳಿದ್ದು —

‘ನಾಯೇ ಹೇಳ್ತಲ್ಲ ಮಾವ.’

ನೀವು ಉಡಿದಾರಕ್ಕೆ ಕಟ್ಟಿದ್ದ ಹುಳದ ಮನೆಯ ಬೀಗದ ಕೈ ಬಿಚ್ಚಿ, ಅಪ್ಪನ ಪಕ್ಕ ಕಲ್ಲಿನ ಮೇಲಿಟ್ಟು, ಎದ್ದು ಹೋದಿರಿ. ಹೋಗುವಾಗ ಬದುವಿನ ದಾರಿ ಹಿಡಿಯಲಿಲ್ಲ. ಕಾಲುವೆಯ ಕಡೆಯಿಂದ ಹೋದಿರಿ. ನಾನು ಬಯಸಿದ್ದ ದಾರಿಯಲ್ಲೇ.

ಆಮೇಲಿನದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಬೆಳೆ ಮುಗಿದ ಮೇಲೆ ನೀವು ಹಿಪ್ಪುನೇರಳೆ ಕಿತ್ತು ತೆಂಗಿನ ಸಸಿ ನೆಟ್ಟಿರಿ. ಹುಳದ ಮನೆಯ ಎಡಗಡೆ ತಟ್ಟೆಗಳನ್ನು ಅಪ್ಪ ಇನ್ನೂ ಖಾಲಿ ಬಿಟ್ಟಿದ್ದಾರೆ. ಹುಳ ಹಣ್ಣಾದರೆ ಯಾರೂ ನಿಮ್ಮನ್ನು ಕರೆಯುವುದಿಲ್ಲ. ಹುಳದ ಮನೆಗೆ ಯಾರನ್ನೆಂದರೆ ಅವರನ್ನು ಬಿಡುವುದಿಲ್ಲವಲ್ಲ — ಕಾಲು ತೊಳೆಸಿ, ಸುಣ್ಣ ತುಳಿಸಿ ಬಿಟ್ಟುಕೊಳ್ಳುವ ಜಾಗ. ಮೂಕಪ್ರಾಣಿಯನ್ನು ಸುಟ್ಟ ಕೈ ಹುಳ ಮುಟ್ಟಬಾರದು ಎಂದರು. ಹುಡುಗರು ನಿಮಗೆ ‘ಬೀಡಿ ಶಿವ’ ಎಂದು ಹೆಸರಿಟ್ಟರು. ಆಮೇಲೆ ನೀವು ಬೀಡಿಯನ್ನೇ ಬಿಟ್ಟಿರಿ ಎಂದು ನಿಮ್ಮ ಮನೆಯವರು, ಜಯಮ್ಮತ್ತೆ, ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಹೆಸರು ಮಾತ್ರ ಬಿಟ್ಟಿಲ್ಲ. ಕೆಂಚನ ಕೊರಳಿನಲ್ಲಿ ಗಾಯ ಮಾಯ್ದು ಎರಡು ಬೋಳು ಚುಕ್ಕೆ ಉಳಿದಿವೆ. ಮನೆಗೆ ಬಂದವರು ಅದನ್ನು ಕಂಡು ‘ನೋಡ್ಲಾ, ಶಿವನ್ ಗುರ್ತು’ ಎನ್ನುತ್ತಾರೆ. ಹಾಗೆ ಎಷ್ಟು ಜನ ಎಂದರೋ, ಅಷ್ಟು ಸಲವೂ ನಾನು ಅಲ್ಲೇ ನಿಂತು ಸುಮ್ಮನಿದ್ದೆ. ಎಲ್ಲದರ ಲೆಕ್ಕ ಇಡುವವಳು ಅದರ ಲೆಕ್ಕ ಇಟ್ಟಿಲ್ಲ.

ಸೊಪ್ಪು ಯಾರು ಕೊಯ್ದರು — ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಮಳೂರಿನ ಕಡೆ ಹೋಗಿ, ಆ ವರ್ಷ ನಿಮಗೆ ಸೊಪ್ಪು ಕೊಟ್ಟವರು ಯಾರು ಎಂದು ವಿಚಾರಿಸಬಹುದಿತ್ತು. ಹೋದ ತಿಂಗಳು ಒಂದು ದಿನ ಬಸ್ಸು ಹತ್ತಲೂ ಹೊರಟಿದ್ದೆ. ನಿಂತ ಜಾಗದಲ್ಲೇ ನನ್ನ ಮೇಲೆ ನನಗೇ ಅನುಮಾನ ಬಂತು: ಇದು ಯಾಕೆ? ನೀವು ನಿರಪರಾಧಿ ಎಂದು ಖಚಿತವಾದರೆ ಮಾತ್ರ ತಪ್ಪೊಪ್ಪಿಕೊಳ್ಳುತ್ತೇನೆಯೆ? ಕದ್ದವರು ನೀವೇ ಎಂದು ಯಾರಾದರೂ ಹೇಳಿಬಿಟ್ಟರೆ ನನ್ನ ಭಾರ ಇಳಿಯುತ್ತದೆಯೆ? ಹಿಂದಿರುಗಿ ಬಂದೆ. ನನ್ನೊಳಗೆ ಆ ಹಳೆಯ ಅನುಮಾನದ ಒಂದು ಎಳೆ ಇನ್ನೂ ಇದೆ, ಮಾವ. ಇಲ್ಲ ಎಂದರೆ ಇನ್ನೊಂದು ಸುಳ್ಳು. ಆದರೆ ಅನುಮಾನ ಪಡುವುದು ಬೇರೆ, ಸಾಕ್ಷಿ ಹುಟ್ಟಿಸುವುದು ಬೇರೆ. ನಾನು ಹುಟ್ಟಿಸಿದೆ. ಸೊಪ್ಪಿನ ವಿಷಯವನ್ನು ನಾನು ಇನ್ನು ಯಾರನ್ನೂ ಕೇಳುವುದಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಮೊನ್ನೆ ಹೊಂಗನೂರಿನ ಬಸ್ ನಿಲ್ದಾಣದ ಹತ್ತಿರ ಆದದ್ದರಿಂದ. ಕೆಂಚನಿಗೆ ಈಗ ಎದೆಯ ಮೇಲೆ ಬಳೆ ಇರುವ ಹಾರ್ನೆಸ್ ಇದೆ. ಕೊರಳಿಗೆ ಏನೂ ಕಟ್ಟುವುದಿಲ್ಲ. ಕೈಯಲ್ಲಿ ರೊಟ್ಟಿಯ ಚೂರು ಹಿಡಿದು ಪಕ್ಕದಲ್ಲೇ ನಡೆಯುವುದನ್ನು ಕಲಿಸಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು — ಆ ವರ್ಷ ನಾನು ಕೊಡಲಾರದೆ ಹೋದ ಒಂದು ಮಳೆಗಾಲ. ನೀವು ಅಂಗಡಿಯ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದಿರಿ. ನಿಮ್ಮನ್ನು ನಾನು ಕಾಣುವ ಮೊದಲೇ ಕೆಂಚ ಕಂಡಿತು. ಬೊಗಳಲಿಲ್ಲ. ಕುಯ್ಯೋ ಎನ್ನುತ್ತಾ ನನ್ನ ಕಾಲ ಸಂದಿಗೆ ನುಗ್ಗಿ, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿತು. ಜನ ನೋಡುತ್ತಿದ್ದರು. ನೀವು ಲೋಟ ಇಟ್ಟು ಎದ್ದಿರಿ, ನನ್ನ ಮುಖ ನೋಡಲಿಲ್ಲ. ದೂರದಿಂದಲೇ ಅದಕ್ಕೆ ಹೇಳಿದಿರಿ:

‘ಹೋಗಪ್ಪ, ಹೋಗು. ನಿಂದೇನ್ ತಪ್ಪಿಲ್ಲ ಕಣೋ.’

ನಿಮಗೆ ಗೊತ್ತಿತ್ತೆ? ಏನೋ ಗೊತ್ತಿತ್ತು ಎಂದೇ ನನಗನಿಸುತ್ತದೆ. ನಾಯಿಯದು ತಪ್ಪಿಲ್ಲ ಎಂದವರಿಗೆ ತಪ್ಪು ಯಾರದೆಂದು ಗೊತ್ತಿರಲೇಬೇಕು. ನಾಲ್ಕು ವರ್ಷ ಊರಿಗೆ ಹೇಳದೆ ಇಟ್ಟುಕೊಂಡಿರೋ — ಅಥವಾ ಹೇಳಿದರೆ ಯಾರು ನಂಬುತ್ತಾರೆಂದು ಬಿಟ್ಟಿರೋ. ಬಹುಶಃ ಇದೂ ನನ್ನ ಅನುಮಾನವೇ.

ನಿನ್ನೆ ಅಪ್ಪನಿಗೆ ಹೇಳಿದೆ. ಅಟ್ಟ ಹತ್ತಿ ಬೆಲ್ಟನ್ನು ತಂದು ಅವರ ಮುಂದಿಟ್ಟು, ಮೊದಲಿಂದ ಕೊನೆಯವರೆಗೆ. ಅಪ್ಪ ಡಬ್ಬಿಯ ಮೊನೆಗಳ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅವ ನನ್ ಕೇಳ್ದ ಕಣವ್ವ, ಬಾಯ್ಬುಟ್ಟು ಕೇಳ್ಬಾರ್ದಾಗಿತ್ತಾ ಅಂತ’ ಎಂದರು. ‘ನಾನು ನೆಲ ನೋಡ್ದೆ.’

ಬೆಲ್ಟನ್ನು ನನ್ನ ಕಡೆಗೆ ಸರಿಸಿ, ‘ನಾನೂ ಬತ್ತೀನಿ’ ಎಂದರು. ಬೇಡ ಎಂದೆ. ಮೊದಲು ನಿಮ್ಮ ಮನೆಗೆ ನಾನೊಬ್ಬಳೇ. ಆಮೇಲೆ, ನೀವು ಒಪ್ಪಿದರೆ, ಕಟ್ಟೆಗೆ — ಅದೇ ಕಲ್ಲಿನ ಮುಂದೆ, ಬೆಲ್ಟನ್ನು ಕೈಯಲ್ಲಿ ಹಿಡಿದು, ಪುಟ್ಟಣ್ಣನವರೂ ಹುಡುಗರೂ ಇರುವಾಗ. ಹೆಸರಿಟ್ಟವರ ಮುಂದೆಯೇ ಆ ಹೆಸರು ನನ್ನ ಮೇಲೆ ಬರಲಿ. ನೀವು ಬಾಗಿಲು ತೆಗೆಯದಿದ್ದರೆ ಜಗಲಿಯಲ್ಲಿ ನಿಂತು ಹೇಳುತ್ತೇನೆ. ಜಯಮ್ಮತ್ತೆ ಬೈದರೆ ಬೈಸಿಕೊಳ್ಳುತ್ತೇನೆ. ನೀವು ಕ್ಷಮಿಸಬೇಕೆಂದು ಕೇಳುವುದಿಲ್ಲ; ಹಾಗೆ ಕೇಳಿದರೆ ಅದೂ ನಿಮ್ಮಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ.

ಕೆಂಚನನ್ನೂ ಜೊತೆಗೆ ಕರೆತರಬೇಕು ಎಂದು ಮೊದಲು ಅಂದುಕೊಂಡಿದ್ದೆ. ಈ ಬೆಳಿಗ್ಗೆ ಹಾರ್ನೆಸ್ ತೊಡಿಸಿ ನಿಮ್ಮ ಬೀದಿಯ ತಿರುವಿನವರೆಗೆ ಹೋಗಿ ನೋಡಿದೆ. ಅದು ಅಲ್ಲೇ ಕೂತುಬಿಟ್ಟಿತು. ಎಳೆಯಲಿಲ್ಲ. ಮನೆಗೆ ತಂದು ಬಿಟ್ಟೆ. ಇನ್ನೊಂದು ಸಲ ಅದನ್ನು ಸಾಕ್ಷಿಗೆ ನಿಲ್ಲಿಸುವ ಹಕ್ಕು ನನಗಿಲ್ಲ. ನೀವು ಅವತ್ತು ಕೇಳಿದ್ದು ನಾಯಿಯನ್ನಲ್ಲ, ನನ್ನನ್ನು.

ನಾಳೆ ಬೆಳಿಗ್ಗೆ ಬರುತ್ತೇನೆ. ಬಂದು ಮೊದಲು ಹೇಳುವ ಮಾತು ಇದು. ತಪ್ಪದಿರಲೆಂದು ಇಲ್ಲೂ ಬರೆಯುತ್ತಿದ್ದೇನೆ:

ಇಲ್ಲ ಮಾವ. ನಾನು ನೋಡಲಿಲ್ಲ.